ಗೇಟಿನ ಅರ್ಜಿ

ನಮ್ಮ ಚರ್ಚಿನ ನ್ಯಾಯ ಸಮಿತಿಗೆ ನಾನು ಹೆಸರು ಕೊಟ್ಟದ್ದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬರ ಮೇಲೆ ಸೇಡು ತೀರಿಸಿಕೊಳ್ಳಲು. ಸಮಿತಿಯ ಉಳಿದ ನಾಲ್ವರಿಗೆ ಇದು ಗೊತ್ತಿರಲಿಲ್ಲ. ಪಾಸ್ಟರ್ ಅಕ್ಕನಿಗೆ ಆಮೇಲೆ ಹೇಳಬೇಕಾಗಿ ಬಂತು.

ಅವರು ಕೊಡ್ಲಿಪೇಟೆಯಿಂದ ಸ್ವಲ್ಪ ದೂರದ ಒಂದು ಕಾಫಿ ಎಸ್ಟೇಟಿನ ಮಾಲೀಕರು. ನಾನು ಹುಟ್ಟಿದ್ದು ಅದೇ ಎಸ್ಟೇಟಿನ ಲೈನಿನಲ್ಲಿ, ಕೆಲಸದವರಿಗೆಂದು ಸಾಲಾಗಿ ಕಟ್ಟಿದ್ದ ಮನೆಗಳ ಪೈಕಿ ಕೊನೆಯದರಲ್ಲಿ. ಅಪ್ಪ ಅವ್ವ ಹಾಸನದ ಕಡೆಯಿಂದ ಕೂಲಿಗೆ ಬಂದವರು. ಲೈನಿನಿಂದ ಟಾರು ರಸ್ತೆಗೆ ಇದ್ದದ್ದು ಒಂದೇ ದಾರಿ. ಆ ದಾರಿಗೆ ಎರಡು ಕಲ್ಲುಕಂಬ, ನಡುವೆ ಕಬ್ಬಿಣದ ಗೇಟು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾದರೆ, ಹಣ್ಣು ಕಳುವಾಗದಿರಲಿ ಎಂದು ಭಾನುವಾರಗಳಲ್ಲಿ ಗೇಟಿಗೆ ಬೀಗ ಬೀಳುತ್ತಿತ್ತು. ಬೀಗದ ಕೈ ಬಂಗಲೆಯಲ್ಲಿರುತ್ತಿತ್ತು.

ನನಗೆ ಆಗ ಹತ್ತು ವರ್ಷ. ಅವ್ವನಿಗೆ ಎಂಟು ತಿಂಗಳು ತುಂಬಿತ್ತು. ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದವಳು ಕಲ್ಲಿನ ಪಕ್ಕದಲ್ಲೇ ಕುಸಿದು ಕೂತಳು. ಸೀರೆ ರಕ್ತದಲ್ಲಿ ನೆನೆದಿತ್ತು. ಅಪ್ಪನೂ ಅಕ್ಕಪಕ್ಕದವರೂ ಅವಳನ್ನು ಕಂಬಳಿಯಲ್ಲಿ ಮಲಗಿಸಿ ಗೇಟಿನ ತನಕ ಹೊತ್ತರು. ನಾನು ಬೀಗದ ಕೈಗಾಗಿ ಬಂಗಲೆಗೆ ಓಡಿದೆ.

ಬಂಗಲೆಯಲ್ಲಿ ಚರ್ಚಿನವರಿಗೆ ಊಟವಿತ್ತು. ಮಾಲೀಕರು ಎಂಜಲು ಕೈಯಲ್ಲೇ ವರಾಂಡಕ್ಕೆ ಬಂದು ನನ್ನ ಮಾತು ಕೇಳಿಸಿಕೊಂಡರು.

"ಭಾನುವಾರ ಬಂತು ಅಂದ್ರೆ ನಿಮ್ಮ ಲೈನಲ್ಲಿ ಯಾರಿಗಾದ್ರೂ ಹುಷಾರಿಲ್ಲ. ಹೋದ ವಾರ ಒಬ್ಬನ ಕಂಬಳಿ ಒಳಗೆ ಏನ್ ಸಿಕ್ತು ಗೊತ್ತಾ? ಕಾಫಿ ಹಣ್ಣು," ಎಂದರು. ಹಾಜರಿ ಬರೆಯುವ ರೈಟರನ್ನು ಕರೆದು, "ಊಟ ಮುಗಿಸಿ ಹೋಗು. ಚೆಕ್ ಮಾಡಿ ಬಿಡು," ಎಂದು ಒಳಗೆ ಹೋದರು.

ರೈಟರ್ ಊಟ ಮುಗಿಸಿದ, ಕೈ ತೊಳೆದ, ಬಂದ. ಕಂಬಳಿ ಸರಿಸಿ ನೋಡಿದ. ನೋಡಿದವನೇ ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟು ಹಿಂದೆ ಸರಿದ, ಅಪ್ಪನೇ ತೆರೆದ. ರಸ್ತೆಯಲ್ಲಿ ಜೀಪಿಗೆ ಕಾಯುವಾಗ ಮೋರಿಕಟ್ಟೆಯ ಮೇಲೆ ಮಗು ಹುಟ್ಟಿತು. ಗಂಡು ಮಗು. ಅಳಲಿಲ್ಲ. ಸ್ವಲ್ಪ ಹೊತ್ತು ಬೆರಳು ಆಡಿಸಿತು, ಅದನ್ನು ನಾನು ನೋಡಿದ್ದೇನೆ.

ಮುಂದಿನ ಜೂನಿನಲ್ಲಿ ಮಾಲೀಕರು ಬರೆದುಕೊಟ್ಟ ಕಾಗದದಿಂದ ನನಗೆ ಚರ್ಚಿನ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಮಗುವಿನ ಕಾರಣಕ್ಕೆ ಕೊಟ್ಟರೋ, ಲೈನಿನ ಮಕ್ಕಳಿಗೆ ಆಗಾಗ ಕೊಡುತ್ತಿದ್ದಂತೆ ಕೊಟ್ಟರೋ ತಿಳಿಯದು. ನಾನು ಓದಿದೆ, ದೀಕ್ಷಾಸ್ನಾನ ಪಡೆದೆ, ಟೈಪಿಂಗ್ ಕಲಿತು ತಾಲ್ಲೂಕು ಕಚೇರಿಯ ಹತ್ತಿರ ಅರ್ಜಿ ಬರೆದುಕೊಡುವ ಅಂಗಡಿ ಇಟ್ಟೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನನ್ನ ಬಾಡಿಗೆ ಮನೆಗೆ ಕರೆತಂದೆ. ಅವಳು ಚರ್ಚಿಗೆ ಬರುವವಳಲ್ಲ. ಅವಳ ದೇವರು ಅಡುಗೆಮನೆಯ ಮೂಲೆಯಲ್ಲಿದ್ದಾರೆ. ಆ ಭಾನುವಾರದ ಬಗ್ಗೆ ಅವಳು ಒಂದು ದಿನವೂ ಮಾತೆತ್ತಿರಲಿಲ್ಲ.

ಆಗೆಲ್ಲ ನಮ್ಮ ಚರ್ಚಿನ ಸಮಾಜಸೇವೆ ಎಂದರೆ ಕ್ರಿಸ್‌ಮಸ್ಸಿಗೆ ಲೈನುಗಳಲ್ಲಿ ಕಂಬಳಿ ಹಂಚುವುದು. ಕಂಬಳಿ ಕೊಡಿಸುವವರೂ ಮಾಲೀಕರೇ, ಹಂಚುವವರೂ ಅವರೇ. ನಾನು ಹೆಸರಿನ ಪಟ್ಟಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಅವರು ಕಂಬಳಿ ಬಿಡಿಸಿ ಯಾವುದೋ ಅಜ್ಜಿಯ ಹೆಗಲಿಗೆ ಹೊದಿಸಿ ಫೋಟೋಗೆ ನಗುತ್ತಿದ್ದರು. ಒಂದು ದಿನ ಇವರನ್ನು ಇದೇ ಜನರ ಮುಂದೆ ತಲೆ ತಗ್ಗಿಸಿ ನಿಲ್ಲಿಸುತ್ತೇನೆ ಎಂದುಕೊಳ್ಳುತ್ತಾ ಮುಂದಿನ ಹೆಸರು ಓದುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಮಗೆ ಹೊಸ ಪಾಸ್ಟರ್ ಬಂದರು, ಹೆಂಗಸು. ಎಲ್ಲರೂ ಅಕ್ಕ ಎಂದೇ ಕರೆದೆವು. ಅವರು ಒಂದು ಸುತ್ತು ಲೈನುಗಳನ್ನು ನೋಡಿ ಬಂದು, "ಕಂಬಳಿ ಸಾಕು. ಏನು ಬೇಕು ಅಂತ ಅವರನ್ನೇ ಕೇಳೋಣ," ಎಂದರು. ನ್ಯಾಯ ಸಮಿತಿ ಹುಟ್ಟಿದ್ದು ಹಾಗೆ. ನಾವು ಐದು ಜನ ಮನೆಮನೆಗೆ ಹೋಗಿ ಕೇಳಿದೆವು. ಜಾತಿ ಯಾವುದು, ದೇವರು ಯಾವುದು ಎಂದು ಕೇಳಬಾರದೆಂದು ಅಕ್ಕ ಮೊದಲೇ ಹೇಳಿದ್ದರು. ಬೇರೆ ಕಡೆ ರೇಷನ್ ಕಾರ್ಡು, ವೋಟರ್ ಕಾರ್ಡು ಎಂದರು. ನಮ್ಮ ಹಳೆಯ ಲೈನಿನಲ್ಲಿ ಒಬ್ಬ ಹೆಂಗಸು ಸುತ್ತ ನೋಡಿ, ದನಿ ತಗ್ಗಿಸಿ, "ಗೇಟ್ ಒಂದ್ ತೆಗ್ಸಿಕೊಡಿ. ಆಂಬುಲೆನ್ಸ್ ಬಂದ್ರೂ ಆಚೆನೇ ನಿಲ್ತದೆ," ಎಂದಳು.

ಆ ಗೇಟು ಇನ್ನೂ ಹಾಗೇ ಇತ್ತು. ಬೀಗ ಮಾತ್ರ ಹೊಸದು.

ಮರುದಿನವೇ ನಾನು ಅಂಗಡಿ ಮುಚ್ಚಿ ಆ ದಾರಿ ಯಾರದೆಂದು ತಿಳಿಯಲು ಊರಿನ ಹಳೆಯ ನಕ್ಷೆಯ ಪ್ರತಿಗೆ ಅರ್ಜಿ ಹಾಕಿದೆ. ನಕ್ಷೆ ಕೈಗೆ ಬಂದ ದಿನ ಸರ್ವೆ ಕೆಲಸದಿಂದ ನಿವೃತ್ತರಾದ ಒಬ್ಬರಿಗೆ ತೋರಿಸಿದೆ. ಅವರು ಜೋಡಿ ಚುಕ್ಕೆಗೆರೆಯ ಮೇಲೆ ಬೆರಳಿಟ್ಟು, "ಇದು ಬಂಡಿದಾರಿ ಕಣಮ್ಮ. ಸರ್ಕಾರದ್ದು. ಇದಕ್ಕೆ ಗೇಟ್ ಹಾಕೋ ಹಕ್ಕು ಯಾರಿಗೂ ಇಲ್ಲ," ಎಂದರು. ಆ ಪ್ರತಿಯನ್ನು ನಾನು ಒಂದು ವಾರ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಬಸ್ಸಿನಲ್ಲಿ ಕೂತರೂ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಷ್ಟು ಸುಖ ನನಗೆ ಬೇರೆ ಯಾವುದರಿಂದಲೂ ಸಿಕ್ಕಿದ್ದಿಲ್ಲ.

ಆಮೇಲೆ ಗೇಟು ತೆಗೆಸಿಕೊಡಿ ಎಂದು ಸಮಿತಿಯ ಹೆಸರಿನಲ್ಲಿ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಟೈಪ್ ಮಾಡಿದೆ. ಅದರ ಸುದ್ದಿ ಮಾಲೀಕರಿಗೆ ಮುಟ್ಟಿತು. ಅವರೇ ಚರ್ಚಿನ ಹಿಂದಿನ ಕೋಣೆಗೆ, ಸಮಿತಿಯ ಸಭೆಗೆ ಬಂದರು. ವಯಸ್ಸಾಗಿತ್ತು, ಕೈಯಲ್ಲಿ ಕೋಲಿತ್ತು.

"ಇವತ್ತಿಂದ ಬೀಗ ಹಾಕಲ್ಲ. ಆಯ್ತಲ್ಲ? ಮನೆ ವಿಷಯ ಮನೇಲೇ ಇರಲಿ. ತಾಲ್ಲೂಕು ಆಫೀಸ್ ತನಕ ಯಾಕೆ?" ಎಂದರು.

ಅಕ್ಕ ನನ್ನ ಮುಖ ನೋಡಿದರು. ಉಳಿದವರಿಗೆ ಮನಸ್ಸು ಹಗುರವಾದದ್ದು ಕಾಣುತ್ತಿತ್ತು.

"ಬೀಗ ಅಲ್ಲ ಸಾರ್. ಗೇಟೇ ಇರಬಾರದು. ಕಂಬಾನೂ ಇರಬಾರದು," ಎಂದೆ.

"ನಿನ್ನ ಓದಿಸಿದ್ದು ನಾನು."

"ಹೌದು ಸಾರ್. ಅದಕ್ಕೇ ನಕ್ಷೆ ಓದೋಕೆ ಬಂತು."

ಆಮೇಲೆ ಆ ಭಾನುವಾರದ ಕಥೆಯನ್ನು ಒಂದೂ ಬಿಡದೆ ಹೇಳಿದೆ. ದನಿ ಏರಿಸಲಿಲ್ಲ. ಇಷ್ಟು ವರ್ಷ ಅಡುಗೆ ಮಾಡುವಾಗ, ದಾರಿ ನಡೆಯುವಾಗ ಸಾವಿರ ಸಲ ಒಪ್ಪಿಸಿದ್ದ ಮಾತು ಅದು. ಅವರು ಹುಬ್ಬು ಗಂಟಿಕ್ಕಿ ಕೇಳಿ, ಕೊನೆಗೆ ಅಕ್ಕನ ಕಡೆ ತಿರುಗಿ, "ಯಾವ ಮಗು? ನಂಗೇನೂ ನೆನಪಿಲ್ಲಮ್ಮ," ಎಂದರು.

ಅದು ಸುಳ್ಳಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆದರೆ ಅವರು ನಿಜವಾಗಿಯೂ ಮರೆತಿದ್ದರು.

ಅವರು ಹೋದ ಮೇಲೆ ಅಕ್ಕ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. "ಬೀಗ ತೆಗಿತೀನಿ ಅಂದ್ರಲ್ಲ. ಜನರಿಗೆ ದಾರಿ ಸಿಕ್ತು. ಇನ್ನೂ ಬೇಕು ಅನ್ನೋದು ನ್ಯಾಯಾನಾ, ಸೇಡಾ?"

"ನಿಮ್ಮದು ನ್ಯಾಯ ಅಕ್ಕ. ನನ್ನದು ಸೇಡು. ಅರ್ಜಿ ಒಂದೇ."

ಅಕ್ಕ ಅರ್ಜಿಯನ್ನು ಹತ್ತಿರ ಎಳೆದುಕೊಂಡರು. "ನಾಳೆ ಅವರ ಮಗ ಬಂದು ಮತ್ತೆ ಬೀಗ ಹಾಕಿದ್ರೆ ನಮ್ಮ ಹತ್ರ ಕಾಗದ ಇರಬೇಕು," ಎಂದು ಸಹಿ ಹಾಕಿದರು. ನನ್ನ ಮಾತನ್ನು ಅವರು ಒಪ್ಪಲಿಲ್ಲ. ನಿನ್ನ ಮನಸ್ಸು ಕರಗಲಿ ಎಂದು ಪ್ರಾರ್ಥಿಸುತ್ತೇನೆ ಎಂದರು. ಪ್ರಾರ್ಥಿಸಿ ಎಂದೆ.

ಅರ್ಜಿಯ ಮೊದಲ ಪ್ಯಾರಾದಲ್ಲೇ ನಾನು ಆ ಮಗುವಿನ ಸಾವನ್ನು ಬರೆದಿದ್ದೆ. ಲೈನಿನಲ್ಲಿ ಕೆಲವರು ಕೆಲಸ ಹೋದೀತೆಂದು ಸಹಿ ಮಾಡಲಿಲ್ಲ, ಅವರನ್ನು ದೂರುವುದಿಲ್ಲ. ಆದೇಶ ಬರಲು ಎರಡು ಮಳೆಗಾಲ ಹಿಡಿಯಿತು. ಅಷ್ಟರೊಳಗೆ ಚರ್ಚಿನ ಅರ್ಧ ಮಂದಿ ನನ್ನೊಂದಿಗೆ ಮಾತು ಬಿಟ್ಟಿದ್ದರು. ಮಾಲೀಕರು ಮಡಿಕೇರಿಯ ಚರ್ಚಿಗೆ ಹೋಗತೊಡಗಿದ್ದರು.

ಗೇಟು ಕೀಳುವ ದಿನ ಪಿಕಿಂಗ್ ನಡೆಯುತ್ತಿತ್ತು. ಎಲ್ಲರೂ ತೋಟದಲ್ಲಿರುವ ದಿನವೇ ಆಗಲಿ ಎಂದು ಕಚೇರಿಗೆ ನಾಲ್ಕು ಸಲ ಅಲೆದು ಕೇಳಿಕೊಂಡವಳು ನಾನೇ. ಅವ್ವನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಬಂದಿದ್ದ ಅಧಿಕಾರಿ ಆದೇಶ ಓದಲು ಶುರುಮಾಡಿದಾಗ, ಜೊತೆಗೆ ಅರ್ಜಿಯನ್ನೂ ಓದಿ ಎಂದೆ. ಅವರು ಓದಿದರು. ಪಿಕಿಂಗಿನ ಹೆಂಗಸರು ಬುಟ್ಟಿ ಇಳಿಸಿ ನಿಂತು ಕೇಳಿದರು. ಮಾಲೀಕರು ಕಾರಿನಿಂದ ಇಳಿಯಲಿಲ್ಲ. ನಾನು ಹೋಗಿ ಅವರ ಕಿಟಕಿಯ ಎದುರಿಗೇ ನಿಂತೆ. ಜೆಸಿಬಿ ಎರಡನೇ ಕಂಬವನ್ನು ಉರುಳಿಸುವ ತನಕ ಕದಲಲಿಲ್ಲ. ಅವರು ತಲೆ ತಗ್ಗಿಸಿ ಕೂತಿದ್ದರು. ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ. ಕಣ್ತುಂಬ ನೋಡಿದೆ.

ಅವ್ವ ನೋಡಿದ್ದು ನೆಲಕ್ಕೆ ಬಿದ್ದ ಕಬ್ಬಿಣವನ್ನು. "ಒಂದ್ ಗಳಿಗೆ ಕೆಲ್ಸ," ಎಂದಳು. ಮತ್ತೆ, ಆಟೋ ಹತ್ತುವಾಗ, "ಗೇಟ್ ತಕ್ಕಂಡ್ ನಾನೇನ್ ಮಾಡ್ಲಿ. ತಪ್ಪಾಯ್ತು ಅಂತ ಅವ್ನ ಬಾಯಲ್ಲಿ ಒಂದ್ ಮಾತ್ ಬರ್ಲಿಲ್ವಲ್ಲ," ಎಂದಳು. ಅವಳೂ ಕಾಯುತ್ತಿದ್ದಳೆಂದು ನನಗೆ ತಿಳಿದದ್ದು ಆಗಲೇ.

ಆ ಮಾತು ಇನ್ನೂ ಬಂದಿಲ್ಲ. ಲೈನಿನ ಬಾಗಿಲ ತನಕ ಈಗ ಅಂಗನವಾಡಿಯ ವ್ಯಾನು, ಗ್ಯಾಸಿನ ಆಟೋ ಹೋಗುತ್ತವೆ. ಮಾಲೀಕರ ಹೆಂಡತಿ ನಮ್ಮ ಚರ್ಚಿಗೇ ಬರುತ್ತಾರೆ, ಹಿಂದಿನ ಬೆಂಚಿನಲ್ಲಿ ಕೂತು, ಆರಾಧನೆ ಮುಗಿದ ಕೂಡಲೇ ಎದ್ದು ಹೋಗುತ್ತಾರೆ. ನನ್ನ ಮನಸ್ಸು ಕರಗಿದೆಯೇ ಎಂದು ಅಕ್ಕ ವರ್ಗವಾಗಿ ಹೋಗುವಾಗ ಕೇಳಿದರು. ಇಲ್ಲ ಎಂದೆ. ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ' ಎಂಬ ಸಾಲು ಬಂದಾಗ ನಾನು ಬಾಯಿ ಮುಚ್ಚಿ ನಿಲ್ಲುತ್ತೇನೆ, ಅದಾದ ಮೇಲಿನದನ್ನು ಎಲ್ಲರ ಜೊತೆ ಹೇಳುತ್ತೇನೆ.