ಸುಮ್ಮನಿದ್ದದ್ದಕ್ಕೆ ಬಾಡಿಗೆ

ನಮ್ಮ ಎರಡನೆಯ ಆಲ್ಬಮ್ಮಿಗೆ ನನಗೆ ತಗುಲಿದ್ದು ಒಂದು ಮೋಟರ್‌ಸೈಕಲ್ ಮತ್ತು ಒಬ್ಬ ಬೆಂಜೊ ವಾದಕ. ಮೋಟರ್‌ಸೈಕಲ್ ಹೋದದ್ದು ಕೊಲ್ಲಾಪುರದ ಸ್ಟುಡಿಯೊ ಬಾಡಿಗೆಗೆ, ವಾದಕ ಹೋದದ್ದು ನನ್ನ ಜಾಣತನಕ್ಕೆ.

ನಿಪ್ಪಾಣಿಯಲ್ಲಿ ಒಂದೇ ಒಂದು ಹಳೆಯ ಸ್ಪೀಕರ್ ಬಾಡಿಗೆಗೆ ಕೊಡುತ್ತ ಶುರುಮಾಡಿದವನು ನಾನು. ಸೀಡಿಗಳ ಕಾಲ ಮುಗಿಯುವ ಮೊದಲೇ, ಟೆಂಪೊ ಮೇಲೆ ಕೂತು ಲಗ್ನದ ವರಾತದ ಮೆರವಣಿಗೆಯ ಮುಂದೆ ಬಾರಿಸುವ ಬೆಂಜೊ ಪಾರ್ಟಿಯೊಂದು ನನ್ನದಾಗಿತ್ತು. ವ್ಯಾಪಾರದಲ್ಲಿ ನನ್ನದು ಒಂದೇ ವಿದ್ಯೆ: ದರ ಹೇಳುವುದು, ಆಮೇಲೆ ಬಾಯಿ ಮುಚ್ಚಿ ಕೂಡುವುದು. ಎದುರಿನವನು ತಾಳಲಾರದೆ ತಾನೇ ಇಳಿಯುತ್ತಾನೆ. ಸ್ಪೀಕರ್ ಕೊಳ್ಳಲು ಹೋದಾಗಲೆಲ್ಲ ವಾದಕನನ್ನೂ ಕರೆದೊಯ್ಯುತ್ತಿದ್ದೆ. ಹೊರಲು ಒಬ್ಬ ಬೇಕಿತ್ತಲ್ಲ.

ಅವನು ಉಳಿದ ದಿನ ದರ್ಜಿ, ಲಗ್ನದ ದಿನ ಬೆಂಜೊ. ಕಿವಿಗೆ ಬಿದ್ದದ್ದನ್ನೆಲ್ಲ ಹಾಡಿಗೆ ಹೊಲಿಯುವ ಚಟ. ಮೊದಲ ಆಲ್ಬಮ್ಮಿನಲ್ಲಿ ಶಿರಗುಪ್ಪಿ ಕಡೆಯ ಸಕ್ಕರೆ ಕಾರ್ಖಾನೆಯ ಪಾಳಿ ಸೈರನ್ ಕೀಬೋರ್ಡಿಗೆ ಬಂತು. ಕೊಕಟನೂರ ಎಲ್ಲಮ್ಮನ ಗುಡಿಯ ಮುಂದೆ ಕೇಳಿದ ಜೋಗತಿಯರ ಚೌಡಿಕೆಯ ಮಿಡಿತ ಬೆಂಜೊ ತಂತಿಗೆ ಇಳಿಯಿತು. ಇದಕ್ಕೆ ಯಾರು ಕುಣಿಯುತ್ತಾರೆ ಎಂದು ನಾನು ತಲೆ ಕೊಡವಿದೆ. ಚಿಕ್ಕೋಡಿಯಿಂದ ಅಥಣಿಯವರೆಗೆ ಕುಣಿದರು. ಅಂದಿನಿಂದ ಆ ಐಡಿಯಾ ನನ್ನದೇ ಎಂದು ಹೇಳಿಕೊಂಡು ತಿರುಗಿದೆ.

ಎರಡನೆಯ ಆಲ್ಬಮ್ಮಿಗೆ ಅವನು ಪೂರ್ತಿ ತನ್ನದೇ ಆದ ಒಂದು ಹಾಡು ತಂದ. ಸ್ಟುಡಿಯೊದಲ್ಲಿ ಕೇಳುತ್ತಿದ್ದೆ. ಹಲಗಿ ಬಡಿತ ರಂಗೇರಿದ ಹೊತ್ತಿಗೆ ಎಲ್ಲ ನಿಂತೇ ಹೋಯಿತು.

“ಏನಾತು? ಕರೆಂಟ್ ಹೋತೇನು?”

“ಇಲ್ರಿ ಸಾವಕಾರ್ರ, ಅದು ಹಂಗ ಐತಿ. ಎಂಟು ಎಣಸೂತನಕ ಸುಮ್ಮ ಇರೂದ್ರಿ. ಆಮ್ಯಾಲ ಹಲಗಿ ಬೀಳತೈತಿ.”

“ಇಲ್ಲಿ ತಾಸಿನ ಲೆಕ್ಕಕ್ಕ ಬಾಡಿಗಿ ಕೊಡಾಕತ್ತೇನಿ. ಸುಮ್ಮ ಇರಾಕ ನಿಮ್ಮ ಮನ್ಯಾಗ ಜಾಗ ಇಲ್ಲೇನು?”

“ಅಂಗಿ ಕಂಕುಳದಾಗ ಸಡ್ಲ ಬಿಡ್ತೀವಲ್ರಿ, ಹಂಗ. ಬಿಡಲಿಲ್ಲಂದ್ರ ಮಂದಿ ಕೈ ಎತ್ತೂದ್ ಹೆಂಗ?”

“ಅರಿವಿ ಉಳಿಸೂದು ಹೆಂಗಂತ ನನಗ ಗೊತ್ತೈತಿ. ತಗಿ ಅದನ್ನ.”

ಸ್ಟುಡಿಯೊದವನು ಮೌಸ್ ಒಂದು ಸಲ ಒತ್ತಿದ, ಮೌನ ಹೋಯಿತು. ವಾದಕ ಬೆಂಜೊವನ್ನು ಬಟ್ಟೆಯಲ್ಲಿ ಸುತ್ತಿದ, ಮರುವಾರ ಕೊಗನೊಳ್ಳಿಯ ಪಾರ್ಟಿ ಸೇರಿದ. ಇವನಿಲ್ಲದಿದ್ದರೆ ಇನ್ನೊಬ್ಬ ಎಂದುಕೊಂಡೆ. ಇನ್ನೊಬ್ಬ ಸಿಕ್ಕ, ಅಗ್ಗಕ್ಕೇ ಸಿಕ್ಕ. ಆದರೆ ಕಾಗವಾಡದ ಒಂದು ವರಾತದಲ್ಲಿ ಆ ಹಾಡು ಬಾರಿಸಿದಾಗ ಕುಣಿಯುವವರು ಅರ್ಧಕ್ಕೇ ಏದುಸಿರು ಬಿಟ್ಟು ಕಟ್ಟೆ ಹಿಡಿದರು. ಮದುಮಗನ ಕಾಕಾ ಟೆಂಪೊ ಹತ್ತಿರ ಬಂದು, “ಇದು ಹಾಡೋ, ಕಬ್ಬಿನ ಗಾಣೋ? ಮಂದೀನ್ನ ಹಿಂಡಿ ಇಟ್ಟಿತಲ್ಲೋ,” ಅಂದ.

ಮುಂದಿನ ವರ್ಷ ಶಿರಗುಪ್ಪಿಯಲ್ಲಿ ಒಂದು ಲಗ್ನಕ್ಕೆ ನೆಂಟನಾಗಿ ಹೋಗಿದ್ದೆ. ವರಾತದ ಮುಂದೆ ಕೊಗನೊಳ್ಳಿ ಪಾರ್ಟಿ, ಅದರಲ್ಲಿ ಅವನು, ಬಾರಿಸುತ್ತಿದ್ದುದು ಅದೇ ಹಾಡು. ಥಟ್ಟನೆ ನಿಂತಿತು. ಇಡೀ ಓಣಿ ಕೈ ಮೇಲೆತ್ತಿಕೊಂಡು ಹಾಗೇ ನಿಂತಿತು. ಪಕ್ಕದ ಮುದುಕಿ, “ತಡಿ, ಈಗ ಬರತೈತಿ,” ಎಂದು ನನ್ನ ತೋಳು ಹಿಡಿದಳು. ಹಲಗಿ ಬಿತ್ತು. ನೋಡಿದರೆ ನನ್ನ ಕೈಯೂ ಮೇಲಿತ್ತು.

ಊಟದ ಪಂಕ್ತಿಯಲ್ಲಿ ಅವನ ಪಕ್ಕ ಹೋಗಿ ಕೂತೆ. “ತಿರುಗಿ ಬಾ. ಮೊದಲಿಗಿಂತ ಹೆಚ್ಚ ಕೊಡ್ತೇನಿ.”

ಅವನು ಹುಗ್ಗಿಗೆ ತುಪ್ಪ ಕಲೆಸಿದ.

“ಆತು, ಹಾಡು ನೀ ಅಂದಂಗ ಇರಲಿ.”

ಒಂದು ತುತ್ತು ಉಂಡ.

“ಆಲ್ಬಮ್ ಮ್ಯಾಲ ನಿನ್ನ ಹೆಸರ ಹಾಕಸ್ತೇನಪಾ.”

ಅವನು ಕೈ ನೆಕ್ಕಿ ನಕ್ಕ. “ಎಂಟು ಎಣಿಸಿದ್ನಿ ಸಾವಕಾರ್ರ, ಅಷ್ಟರಾಗ ಮೂರು ಮೆಟ್ಟಲಾ ಇಳದ್ರಿ. ಸ್ಪೀಕರ್ ಕೊಳ್ಳೂಮುಂದ ದರ ಹೇಳಿ ಸುಮ್ಮ ಕೂಡತಿದ್ರಲ್ಲ, ನಾ ಹಿಂದ ನಿಂತು ಎಣಸತಿದ್ನಿ. ಹಾಡಿನ್ಯಾಗ ಹಾಕಿದ್ದೂ ಅದನ್ನ ನೋಡ್ರಿ.”

ಅವನು ನನ್ನಿಂದ ಕಲಿತದ್ದನ್ನೇ ನಾನು ಮೋಟರ್‌ಸೈಕಲ್ ಮಾರಿದ ದುಡ್ಡು ಕೊಟ್ಟು ಕತ್ತರಿಸಿ ಹಾಕಿಸಿದ್ದೆ.

ಅವನು ಬಂದ. ಮೂರನೆಯ ಆಲ್ಬಮ್ ಮೆಮೊರಿ ಕಾರ್ಡುಗಳಲ್ಲಿ ರಾಯಬಾಗದವರೆಗೆ ಹೋಯಿತು, ಮೇಲೆ ಅವನ ಹೆಸರು, ಒಳಗೆ ಅದೇ ಹಾಡು, ನಡುವೆ ಎಂಟರ ಮೌನ.

ನೀವೂ ಇಂಥ ಪಾರ್ಟಿ ಕಟ್ಟುವವರಾದರೆ ಕೇಳಿ. ಸ್ಟುಡಿಯೊವನ್ನು ತಾಸಿನ ಲೆಕ್ಕಕ್ಕೆ ಹಿಡಿಯಬೇಡಿ, ಹಾಡಿನ ಲೆಕ್ಕಕ್ಕೆ ಹಿಡಿಯಿರಿ. ಆಗ ಮೌನ ಪುಕ್ಕಟೆ ಬರುತ್ತದೆ. ಕತ್ತರಿಸುವ ಮೊದಲು ಆ ಹಾಡನ್ನು ಒಂದು ವರಾತದಲ್ಲಿ ನಿಂತು ಕೇಳಿ. ಮತ್ತೆ, ಚೌಕಾಸಿಗೆ ಹೋಗುವಾಗ ಸ್ಪೀಕರ್ ಹೊರಲು ಹಮಾಲನನ್ನೇ ಕರೆದೊಯ್ಯಿರಿ. ವಾದಕನನ್ನು ಬೇಡ, ಅವನ ಕಿವಿ ಚುರುಕು.