ನುಗ್ಗೆರಸ ಕುಡಿದ ಸಾಲು

ನಮ್ಮ ಯಜಮಾನರು ತೀರಿಕೊಂಡ ಮೇಲೆ ಕೋಗಿಲು ಬಡಾವಣೆಯ ನಮ್ಮ ಮನೆಗೆ ಬಂದವರೆಲ್ಲ ತಾರಸಿ ಹತ್ತಿ ನೋಡಿದರು. ಅಲ್ಲಿ ಎರಡು ಸಾಲು ಕುಂಡಗಳಲ್ಲಿ ಅವರು ಬೆಳೆಸಿದ ಅಶ್ವಗಂಧ, ನೆಲಬೇವು, ತುಳಸಿ ಇದ್ದವು. ಇಳಿದು ಬಂದವರದು ಒಂದೇ ಮಾತು: ಇಷ್ಟೊಂದು ಔಷಧಿ ಗಿಡ ಇಟ್ಟುಕೊಂಡೂ ಹೀಗಾಯಿತಲ್ಲ. ಹೋಗುವಾಗ ಕೆಮ್ಮಿಗೆ ಬೇಕೆಂದು ತುಳಸಿ ಕಿತ್ತುಕೊಂಡರು. ಸೂತಕದ ಮನೆಯಲ್ಲಿ ನೀರೂ ಮುಟ್ಟದವರು ಸೊಪ್ಪಿಗೆ ಸೂತಕ ನೋಡಲಿಲ್ಲ.

ಅವರನ್ನು ಆಡಿಕೊಳ್ಳುವ ಹಕ್ಕು ನನಗೂ ಅಷ್ಟಾಗಿ ಇಲ್ಲ. ಎಳೆಯ ನುಗ್ಗೆಸೊಪ್ಪು ಅರೆದು, ಬಟ್ಟೆಯಲ್ಲಿ ಹಿಂಡಿ, ಒಂದು ಲೋಟ ರಸಕ್ಕೆ ಮೂವತ್ತು ಲೋಟ ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಗಳಿಗೆ ಸಿಂಪಡಿಸುವುದು ಅವರ ಕೆಲಸ. ಹಾಗೆ ಮಾಡಿದರೆ ಗಿಡ ಬೇಸಿಗೆ ತಡೆಯುತ್ತದಂತೆ. ಗಿಡಕ್ಕೆ ಟಾನಿಕ್ಕು, ನನ್ನ ಸಾರಿಗೆ ಬರೀ ಕಡ್ಡಿ ಎಂದು ನಾನು ನಗುತ್ತಿದ್ದೆ. ಅವರು ಜಗಳ ಆಡಲಿಲ್ಲ. ಎರಡನೆಯ ಸಾಲಿಗೆ ರಸ ಕೊಡುವುದನ್ನು ನಿಲ್ಲಿಸಿದರು.

"ಎರಡಕ್ಕೂ ಒಂದೇ ಅಳತೆ ನೀರು ಹಾಕೋಣ. ಬೇಸಿಗೇಲಿ ನೀನೇ ನೋಡು," ಎಂದರು.

ಬೇಸಿಗೆಗೆ ಮುಂಚೆಯೇ ಹೋದರು. ಎದೆ ಹಿಡಿದಂತಾಗುತ್ತದೆ ಎಂದು ಹೇಳಿ ಎರಡು ವಾರವಾಗಿತ್ತು. ಬಿಲ್ಡರ್ ಆಗಿರುವ ಅವರ ತಮ್ಮ, ಗ್ಯಾಸ್ ಇರಬೇಕು, ಸೋಡಾ ಕುಡಿ ಎಂದಿದ್ದ. ನಾನು ಜೀರಿಗೆ ಕಷಾಯ ಮಾಡಿಕೊಟ್ಟು ಸುಮ್ಮನಾಗಿದ್ದೆ.

ಅದೇ ಮೈದುನ ಹಾಲುತುಪ್ಪದ ದಿನ ಸಮಾಧಿಗೆ ಬಿಟ್ಟು ಉಳಿದ ಹಾಲು, ತುಪ್ಪವನ್ನು ತಾರಸಿಗೆ ತಂದು ಮೊದಲ ಸಾಲಿನ ಅಶ್ವಗಂಧದ ಬುಡಕ್ಕೆ ಸುರಿದ. ಅಣ್ಣನ ಜೀವ ಇಲ್ಲೇ ಇತ್ತಂತೆ. ಬದುಕಿದ್ದಾಗ ಅಣ್ಣನ ಜೀವ ಎಲ್ಲಿದೆ ಎಂದು ಅವನು ಹುಡುಕಿದವನಲ್ಲ. ಮರುದಿನ ಅಣ್ಣನ ಬದಲು ಇರುವೆಗಳು ಬಂದವು. ಮೇಲಿನ ಮಣ್ಣನ್ನೆಲ್ಲ ಕೆರೆದು ತೆಗೆದೆ. ಆ ಸಾಲು ಉಳಿಯಲೇಬೇಕಿತ್ತು. ಅವರು ಹೇಳಿದ್ದನ್ನು ಬೇಸಿಗೆಯಲ್ಲಿ ನೋಡಬೇಕಾದವಳು ನಾನೊಬ್ಬಳೇ.

ನುಗ್ಗೆಸೊಪ್ಪು ಅರೆಯುವ ಕೆಲಸ ನನಗೆ ಬಂತು. ಮೊದಲ ಸಾಲಿಗೆ ರಸ, ಎರಡನೆಯದಕ್ಕೆ ಬರೀ ನೀರು, ಅವರು ಬಿಟ್ಟುಹೋದ ಹಾಗೆಯೇ. ಬೋರ್ ಬತ್ತಿ, ಟ್ಯಾಂಕರ್ ವಾರಕ್ಕೊಂದು ಸಲ ಬರತೊಡಗಿದಾಗ ಕುಂಡಕ್ಕೆ ಅರ್ಧ ಚೊಂಬು ನೀರು, ಅದೂ ದಿನ ಬಿಟ್ಟು ದಿನ. ಎದುರು ಮನೆಯವರು ತಮ್ಮ ಕಾರಿಗೆ ದಿನಾ ಸ್ನಾನ ಮಾಡಿಸುತ್ತ, ಈ ಬರದಲ್ಲಿ ಗಿಡಕ್ಕೆ ನೀರು ದಂಡ ಅಲ್ಲವೇ ಎಂದು ನನ್ನನ್ನು ಕೇಳಿದರು.

ಒಂದು ಮಧ್ಯಾಹ್ನ ಮೈದುನ ಕ್ಯಾನ್ ಹಿಡಿದು ಮೇಲೆ ಬಂದ. ಎರಡನೆಯ ಸಾಲು ತಲೆ ಬಗ್ಗಿಸಿತ್ತು, ನೆಲಬೇವು ಕೆಳಗಿನಿಂದ ಹಳದಿಯಾಗಿತ್ತು. ಪಕ್ಕದ ಸಾಲು, ಎಲೆ ಸ್ವಲ್ಪ ಚಿಕ್ಕದಾದರೂ, ನೆಟ್ಟಗೆ ನಿಂತಿತ್ತು.

"ಅತ್ತಿಗೆ, ಇದು ಕಡಲ್ ಪಾಚಿ ಟಾನಿಕ್ಕು. ಒಂದ್ ಮುಚ್ಚಳ ಆಕಿದ್ರೆ ಸತ್ತಿದ್ದೂ ಎದ್ದು ಕೂತ್ಕೊತದೆ," ಎಂದ.

ತಾನು ಏನಂದೆ ಎಂದು ಹೇಳಿದ ಮೇಲೆ ಅವನಿಗೇ ಕೇಳಿಸಿರಬೇಕು. ಕ್ಯಾನಿನ ಮುಚ್ಚಳ ತಿರುಗಿಸುತ್ತ ನಿಂತ.

"ಬಾಡೋಕೆ ಮುಂಚೆ ಕೊಡ್ಬೇಕಿತ್ತು ಕಣಪ್ಪ," ಎಂದೆ. "ನಿಮ್ಮಣ್ಣ ಹೇಳ್ತಿದ್ರು. ನಿನಗೊಬ್ಬನಿಗೇ ಅಲ್ಲ, ನನಗೂ ಸೇರಿಸಿ ಹೇಳ್ತಿದೀನಿ."

ಅವನು ಟಾನಿಕ್ಕನ್ನು ಮೆಟ್ಟಿಲ ಹತ್ತಿರ ಇಟ್ಟು, ಎರಡನೆಯ ಸಾಲಿನ ಕುಂಡಗಳನ್ನು ಒಂದೊಂದಾಗಿ ಎತ್ತಿ ನೀರಿನ ಟ್ಯಾಂಕಿನ ನೆರಳಿಗೆ ಸರಿಸಿದ. ಅವನು ಬೆವತದ್ದನ್ನು ನಾನು ನೋಡಿದ್ದು ಅವತ್ತೇ.

ಮೂರು ಕುಂಡ ಹೋದವು. ಉಳಿದವಕ್ಕೆ ನಾಲ್ಕು ದಿನ ನೀರು ಕೊಟ್ಟು, ಎಲೆ ಚೇತರಿಸಿಕೊಂಡ ಬೆಳಿಗ್ಗೆ ರಸ ಸಿಂಪಡಿಸಿದೆ. ಎರಡೂ ಸಾಲಿಗೆ. ನೋಡಬೇಕಾದವಳು ನೋಡಿಯಾಗಿತ್ತು. ಸಾರಿಗೆ ಅವತ್ತೂ ಕಡ್ಡಿಯೇ ಉಳಿಯಿತು.