ಇರಣ್ಣನವರು ಕಟ್ಟಿಸಿದ ಬೂದಿ ಮನೆ

ನಮ್ಮ ಹೂಡಿಯ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋಗಿ ಲಿಫ್ಟ್ ನಿಂತರೆ ಎಲ್ಲರೂ ಸೆಕ್ಯುರಿಟಿಯವನನ್ನು ಬಯ್ಯುತ್ತಾರೆ. ನಮ್ಮ ಎದುರು ಮನೆಯ ಇರಣ್ಣನವರು ಮಾತ್ರ ತಮ್ಮನ್ನೇ ಬೈದಂತೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಉತ್ತರದ ಕಡೆ ಕಲ್ಲಿದ್ದಲು ಸುಟ್ಟು ಕರೆಂಟ್ ತೆಗೆಯುವ ಒಂದು ಸ್ಥಾವರದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ನಾಡಿಗೆಲ್ಲ ದೀಪ ಹಚ್ಚಿದ್ದು ತಾವೇ ಎಂಬ ಭಾವ ಇನ್ನೂ ಇಳಿದಿಲ್ಲ. ನಿಜ ಹೇಳಬೇಕೆಂದರೆ ಅವರ ಕೆಲಸ ಕರೆಂಟಿನದಲ್ಲ, ಬೂದಿಯದು. ಸುಟ್ಟುಳಿದ ಬೂದಿಯನ್ನು ನೀರಲ್ಲಿ ಕಲಸಿ ಊರಾಚೆಯ ಹೊಂಡಕ್ಕೆ ಪೈಪಿನಲ್ಲಿ ನೂಕುವ ಪಂಪ್ ಅವರ ವಶದಲ್ಲಿತ್ತು. ಇದನ್ನು ಅವರು ತಾವಾಗಿ ಹೇಳುವುದಿಲ್ಲ, ಅವರ ಹೆಂಡತಿ ಲಕ್ಷ್ಮವ್ವ ಹೇಳುತ್ತಾರೆ.

ಸ್ಥಾವರದ ಕಾಲೊನಿಯಲ್ಲಿ ಲಕ್ಷ್ಮವ್ವ ಊಟದ ತಟ್ಟೆಗಳನ್ನು ಬೋರಲು ಹಾಕಿಯೇ ಇಡುತ್ತಿದ್ದರಂತೆ. ಒಗೆದ ಬಟ್ಟೆ ಒಣಗುವುದರೊಳಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮಗಳು ಕಾವ್ಯಾಳ ಶಾಲೆಯ ಚೀಲದಲ್ಲಿ ಪೆನ್ಸಿಲ್ ಮರೆತರೂ ಇನ್ಹೇಲರ್ ಮರೆಯುವ ಹಾಗಿರಲಿಲ್ಲ. ಆ ಅಭ್ಯಾಸ ಅವರ ಬೆರಳಲ್ಲಿ ಉಳಿದುಬಿಟ್ಟಿದೆ. ನಮ್ಮ ಮನೆಗೆ ಮೊದಲ ಸಲ ಬಂದಾಗ ಸೋಫಾದ ಕೈಮೇಲೆ ಬೆರಳೆಳೆದು, ಹೆಬ್ಬೆರಳಿಗೆ ಉಜ್ಜಿ ನೋಡಿ, ಆಮೇಲೆ ಕೂತರು. ನನ್ನ ಹೆಂಡತಿ ಎರಡು ದಿನ ಮಾತು ಬಿಟ್ಟಳು, ಅವರ ಹತ್ತಿರವಲ್ಲ, ನನ್ನ ಹತ್ತಿರ. ಆ ವಾರ ಧೂಳು ಒರೆಸುವ ಸರದಿ ನನ್ನದಾಗಿತ್ತು.

ಇಂಥವರನ್ನು ಕಟ್ಟಿಕೊಂಡ ಇರಣ್ಣನವರು ಆನೇಕಲ್ ಕಡೆ ಸ್ವಂತ ಮನೆ ಕಟ್ಟಿಸಲು ಹೊರಟಾಗ ಆರಿಸಿದ್ದು ಹಾರುಬೂದಿಯ ಇಟ್ಟಿಗೆ! ಅದೂ ತಮ್ಮ ಸ್ಥಾವರದ ಬೂದಿಯೇ ಆಗಬೇಕೆಂದು ಹಟ. "ಯಾವ್ ಬೂದಿ ಆದ್ರೇನ್ ಸಾರ್, ಇಟ್ಟಿಗೆ ಗಟ್ಟಿಯಾಗಿದ್ರೆ ಸಾಕಲ್ವಾ?" ಎಂದ ಇಟ್ಟಿಗೆಯ ನರಸಪ್ಪನಿಗೆ ತವರಿನ ಅಕ್ಕಿಯ ರುಚಿ ವಿವರಿಸುವ ಸೊಸೆಯಂತೆ ಅರ್ಧ ಗಂಟೆ ವಿವರಿಸಿದರು. ಹೆಂಡತಿಗೆ ಮಾತ್ರ ಸಿಮೆಂಟ್ ಬ್ಲಾಕ್ ಎಂದು ಹೇಳಿ, ಅವರನ್ನು ಕರೆತರುವ ಮೊದಲೇ ಒಳಗೂ ಹೊರಗೂ ಗಾರೆ ಮಾಡಿಸಿಬಿಟ್ಟರು.

ಹಿತ್ತಲಿನ ಕಾಂಪೌಂಡ್ ಗೋಡೆಗೆ ಗಾರೆ ಮಾಡಿಸುವುದು ಉಳಿದಿತ್ತು. ಲಕ್ಷ್ಮವ್ವ ಬಂದವರು ಅಡುಗೆಮನೆಯನ್ನೂ ನೋಡದೆ ನೇರ ಅಲ್ಲಿಗೇ ಹೋಗಿ ಬೆರಳೆಳೆದರು.

"ಏನ್ರೀ, ಮೂವತ್ತು ವರ್ಷ ಇದನ್ನ ಮನಿ ಹೊರಗ ಹಾಕಾಕ ನನ್ನ ಸೊಂಟ ಬಿದ್ದುಹೋತು. ನೀವು ಇದರಾಗೇ ಮನಿ ಕಟ್ಟಿಸೀರಿ?"

"ಇಟ್ಟಂಗ್ಯಾಗ ಕುಂತ ಬೂದಿ ಹಾರಂಗಿಲ್ಲ ಲಕ್ಷ್ಮೀ. ಹೊಂಡದಾಗ ಇದ್ರ ಮಂದಿ ಎದಿಗೆ ಹೋಗ್ತದ. ಇಲ್ಲಿ ಕಟ್ಟಿ ಹಾಕೀನಿ ನೋಡು."

"ಹಣಿ ಮ್ಯಾಲಿನ ವಿಭೂತಿ ಸಾಕು ನನಗ. ಈ ಮನ್ಯಾಗ ನಾ ಕಾಲಿಡಂಗಿಲ್ಲ."

ಗೃಹಪ್ರವೇಶಕ್ಕೆ ಹದಿನೈದು ದಿನ ಇತ್ತು, ಕಾರ್ಡು ಅಚ್ಚಾಗಿತ್ತು. ಇರಣ್ಣನವರು ಊಟ ಬಿಟ್ಟರು, ಚಹಾ ಬಿಡಲಿಲ್ಲ. ಅವರ ಪರವಾಗಿ ಸಂಧಾನಕ್ಕೆ ಹೋದ ನನಗೆ ಲಕ್ಷ್ಮವ್ವ ಹೊಳೆವ್ವನವರ ಕಥೆ ಹೇಳಿದರು.

ಹೊಳೆವ್ವ ಕಾಲೊನಿಗೆ ಹಾಲು ಹಾಕುತ್ತಿದ್ದವರು. ಅವರ ಮೂರು ಎಕರೆ ಹೊಲ ಬೂದಿ ಹೊಂಡದ ಒಡ್ಡಿನ ಕೆಳಗೇ ಇತ್ತು. ಒಂದು ಬೇಸಿಗೆಯ ಬೆಳಿಗ್ಗೆ ಹಾಲು ಅಳೆಯುತ್ತ, ಒಡ್ಡು ಜಿನುಗುತ್ತಿದೆ ಎಂದರು. ಲಕ್ಷ್ಮವ್ವ ಗಂಡನಿಗೆ ಪಂಪ್ ನಿಲ್ಲಿಸಲು ಹೇಳಿದರು. ಗಂಡ ಮೇಲಿನವರಿಗೆ ಹೇಳಿದರು. ಮೇಲಿನವರು, ಈಗ ನಿಲ್ಲಿಸಿದರೆ ಬೆಂಗಳೂರಲ್ಲಿ ದೀಪ ಹೋಗುತ್ತದೆ, ಸಂಜೆ ನೋಡೋಣ ಎಂದರು. ಮಧ್ಯಾಹ್ನಕ್ಕೆ ಒಡ್ಡು ಒಡೆದು ಹೊಲದ ತುಂಬ ಮೊಣಕಾಲುದ್ದ ಬೂದಿ ಕೆಸರು ನಿಂತಿತು. ಮರುದಿನವೂ ಹೊಳೆವ್ವ ಹಾಲು ತಂದರು. ಇರಣ್ಣನವರು ಬಚ್ಚಲು ಸೇರಿ ಬಾಗಿಲು ಹಾಕಿಕೊಂಡರು. ಅಂದಿನಿಂದ ನಿವೃತ್ತರಾಗುವ ತನಕ, ಹಾಲು ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಸ್ನಾನ. ಕಾಲೊನಿಯಲ್ಲೇ ಅಷ್ಟು ಶುಚಿಯಾದ ಗಂಡಸು ಇನ್ನೊಬ್ಬರಿರಲಿಲ್ಲವಂತೆ.

"ಹೊಳೆವ್ವ ಬಂದು ಹಾಲು ಉಕ್ಕಿಸಿದ್ರ ನಾ ಒಳಗ ಬರ್ತೀನಿ" ಎಂದರು ಲಕ್ಷ್ಮವ್ವ. "ಆದ್ರ ನಮ್ಮನಿಯವರ ಹೋಗಿ ಕರೀಬೇಕು."

ಕುಂಕುಮ, ಅಕ್ಷತೆ ಹಿಡಿದು ಬಾಗಿಲಿಗೆ ಹೋಗದೆ ಫೋನಿನಲ್ಲಿ ಕರೆದರೆ ಅವರ ಕಡೆ ಅದು ಕರೆದ ಲೆಕ್ಕವಲ್ಲ. ಇರಣ್ಣನವರು ನನ್ನನ್ನು ಕಳಿಸಲು ನೋಡಿದರು, ಮಗಳನ್ನು ಕಳಿಸಲು ನೋಡಿದರು, ಕೊನೆಗೆ ಬೆಳಗಿನ ಬಸ್ಸು ಹತ್ತಿದರು. ಮರುದಿನ ಬಂದು, "ಬರ್ತಾಳಂತ" ಎಂದಷ್ಟೇ ಹೇಳಿ, ಎರಡು ದಿನದ ಊಟ ಒಂದೇ ಸಲ ಮಾಡಿದರು.

ಹೊಳೆವ್ವ ಬಂದರು. ತೆಳ್ಳಗಿನ, ಮಾತಿನ ನಡುವೆ ಕೆಮ್ಮುವ ಹೆಂಗಸು. ಹಾಲು ಉಕ್ಕಿತು, ಲಕ್ಷ್ಮವ್ವ ಬಲಗಾಲಿಟ್ಟು ಒಳಗೆ ಬಂದರು, ಇರಣ್ಣನವರ ಮುಖಕ್ಕೆ ರಂಗು ಬಂತು. ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದ ಹೊಳೆವ್ವ ಗಾರೆಯಿಲ್ಲದ ಗೋಡೆಯ ಮುಂದೆ ನಿಂತರು.

"ಇದು ನಮ್ಮ ಹೊಂಡದ್ದೇನ್ರೀ ಅಣ್ಣಾರ?"

"ಹೂನವ್ವಾ" ಎಂದರು ಇರಣ್ಣನವರು. ಆಮೇಲೆ ನನ್ನ ಎದುರಿಗೇ ಹೇಳಿದರು: "ಅವತ್ತು ಪಂಪ್ ನನ್ನ ಕೈಯಾಗಿತ್ತು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ."

ಹೊಳೆವ್ವ ಅಂಗೈಯಿಂದ ಗೋಡೆಯನ್ನು ತಟ್ಟಿ ನೋಡಿದರು.

"ಗಟ್ಟಿ ಕುಂತೈತ್ರಿ. ಛಲೋ ಮಾಡೀರಿ. ನನ್ನ ಹೊಲದಾಗ ಇನ್ನೂ ಮೊಣಕಾಲುದ್ದ ಐತಿ. ಇನ್ನ ಎಷ್ಟು ಮನಿ ಕಟ್ಟಿಸ್ತೀರಿ?"

ನಗುತ್ತಲೇ ಕೇಳಿದ್ದರು. ಇರಣ್ಣನವರು ತಂಬಿಗೆ ಎತ್ತಿ ಅವರ ಕೈಗೆ ನೀರು ಹಾಕಿದರು. ಒಳಗಿನಿಂದ ಲಕ್ಷ್ಮವ್ವ ಊಟಕ್ಕೆ ಕರೆದರು.